ಅಕ್ಕೋರಿಗೆ ಮಾಡಿದ ಎಂಟು ಕೀಗಳ ಕೀಬೋರ್ಡು

ಅಕ್ಕೋರ ಕೈಯ ಅಳತೆ ತೆಗೆಯಲು ಟೇಪು, ಪೆನ್ಸಿಲ್ಲು, ಒಂದು ದೊಡ್ಡ ಬಿಳಿ ಹಾಳೆ ಹಿಡಿದುಕೊಂಡು ಹೋಗಿದ್ದೆ. ಬಲಗೈಯನ್ನು ನಾನೇ ಎತ್ತಿ ಹಾಳೆಯ ಮೇಲಿಟ್ಟು, ಬೆರಳುಗಳ ಸುತ್ತ ಗೆರೆ ಎಳೆದೆ. ಕೈಯಲ್ಲಿ ತೂಕವೇ ಇರಲಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಇದೇ ಕೋಣೆಯಲ್ಲಿ ಇದೇ ಕೈ ನನ್ನ ಗೆಣ್ಣುಗಳ ಮೇಲೆ ಮರದ ಸ್ಕೇಲು ಬೀಸಿತ್ತು. ಕೀಗಳನ್ನು ನೋಡಿಕೊಂಡು ಟೈಪ್ ಮಾಡುತ್ತಿದ್ದೆ ಎಂಬುದು ನನ್ನ ತಪ್ಪು.

ಕೂಡ್ಲಿಗಿಯಲ್ಲಿ ಅವರನ್ನು ಎಲ್ಲರೂ ಟೈಪಿಂಗ್ ಅಕ್ಕೋರು ಎಂದೇ ಕರೆಯುತ್ತಾರೆ. ಮನೆಯ ಮುಂದಿನ ಕೋಣೆಯೇ ಅವರ ಇನ್‌ಸ್ಟಿಟ್ಯೂಟು. ತಾಲ್ಲೂಕು ಕಚೇರಿಯ ಅರ್ಧ ಗುಮಾಸ್ತರು ಅಲ್ಲಿ ಕಲಿತವರೇ. ಮದುವೆಯಾಗದೆ ತಮ್ಮನ ಸಂಸಾರದ ಜೊತೆಗೇ ಇದ್ದರು. ತಮ್ಮನಿಗೆ ಕಾನಹೊಸಹಳ್ಳಿಯಲ್ಲಿ ಕಬ್ಬಿಣ, ಸಿಮೆಂಟಿನ ಅಂಗಡಿ. ನಾವು ಸಾವ್ಕಾರ್ರು ಎನ್ನುತ್ತೇವೆ. ಎರಡು ವರ್ಷದಿಂದ ಅಕ್ಕೋರಿಗೆ ನರದ ಕಾಯಿಲೆ. ಸ್ನಾಯುಗಳು ಒಂದೊಂದಾಗಿ ಸೋಲುತ್ತಾ ಬರುತ್ತವೆ, ಔಷಧಿ ಇಲ್ಲ. ಮೊದಲು ನಾಲಿಗೆ ತೊದಲಿತು, ಆಮೇಲೆ ಮಾತು ಹೋಗಿ ಬರೀ ದನಿ ಉಳಿಯಿತು. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. ಅದೇ ದೊಡ್ಡ ಕಷ್ಟವಾಗಿತ್ತು.

ನಾನು ಗೆರೆ ಎಳೆಯುತ್ತಿದ್ದಾಗ ಅಕ್ಕೋರು ಗಂಟಲಲ್ಲಿ ಏನೋ ದನಿ ಮಾಡಿದರು.

"ಹೂಂ, ಶೆಕಿ ಅಂತಾಳ," ಎಂದು ಸಾವ್ಕಾರರು ಎದ್ದು ಫ್ಯಾನು ಹಾಕಿದರು. ಅಕ್ಕೋರು ಕಣ್ಣು ಮುಚ್ಚಿಕೊಂಡರು.

"ನೋಡ್ರಿ, ಅದ ಬೇಕಾಗಿತ್ತು. ನನಗ ಎಲ್ಲಾ ತಿಳಿತೈತಿ ಭಾಯ್. ಆದ್ರ ದಾವಣಗೆರಿ ಡಾಕ್ಟ್ರು, ಮುಂದ ಉಸುರಿನ ತೊಂದ್ರಿ ಬಂದಾಗ ಪೇಶಂಟನ್ನೇ ಕೇಳಬೇಕು, ಹೆಂಗರ ಮಾಡಿ ಆಕಿ ಮಾತಾಡೋಹಂಗ ಮಾಡ್ರಿ ಅಂದಾರ. ಮೊಬೈಲ್ ಕೊಟ್ಟು ನೋಡಿದ್ವಿ. ಬೆರಳು ನಡುಗಿ ಗಾಜಿನ ಮ್ಯಾಲೆ ಜಾರ್ತಾವ."

ನನ್ನ ಅಂಗಡಿಯ ಕಂಪ್ಯೂಟರಿಗೆಂದು ನಾನು ಕೈಯಾರೆ ತಂತಿ ಎಳೆದು ಕಟ್ಟಿಕೊಂಡಿದ್ದ ಕೀಬೋರ್ಡನ್ನು ಅವರು ಯಾವಾಗಲೋ ನೋಡಿದ್ದರು. ಅಂಥದ್ದೇ ಒಂದನ್ನು, ಬೆರಳು ಇಟ್ಟರೆ ಇಳಿಯುವಷ್ಟು ಮೆತ್ತಗೆ, ಅಕ್ಕನಿಗಾಗಿ ಮಾಡಿಕೊಡಬೇಕೆಂದು ಕೇಳಿದರು. ಆಗುತ್ತದೆ ಎಂದೆ.

ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಪಂಪು, ಫ್ಯಾನು, ಮಿಕ್ಸಿ ಏನು ಸುಟ್ಟರೂ ನನ್ನ ಮೇಜಿಗೆ ಬರುತ್ತದೆ. ಸುಟ್ಟ ಮೋಟಾರು ಬಿಚ್ಚಿದವನು ಮೊದಲು ಮಾಡಬೇಕಾದದ್ದು ಹಳೆಯ ಸುತ್ತು ಎಣಿಸುವುದು. ಎಷ್ಟು ಸುತ್ತು, ಎಷ್ಟು ದಪ್ಪದ ತಂತಿ, ಎಲ್ಲಿಂದ ಎಲ್ಲಿಗೆ ಎಂದು ಬರೆದುಕೊಂಡು ಹಳೆಯದನ್ನು ಕಿತ್ತು, ಅದೇ ಲೆಕ್ಕಕ್ಕೆ ಹೊಸದನ್ನು ಸುತ್ತಬೇಕು. ನಡುವೆ ಸ್ವಂತ ಬುದ್ಧಿ ತೋರಿಸಬಾರದು. ಇದೇ ಕಸುಬಿನವರಾಗಿದ್ದ ನಮ್ಮ ಅಬ್ಬಾ ನನಗೆ ಹೀಗೆ ಕಲಿಸಿದ್ದರು. ಅಕ್ಕೋರ ಕೆಲಸಕ್ಕೂ ನಾನು ಇದೇ ಬುದ್ಧಿಯಲ್ಲಿ ಕೈಹಾಕಿದೆ. ಮೂಲೆಯಲ್ಲಿ ಮುಸುಕು ಹೊದ್ದಿದ್ದ ಕನ್ನಡ ಟೈಪ್‌ರೈಟರಿನ ಮುಸುಕು ತೆಗೆದು ಕೀಗಳ ಫೋಟೋ ಹಿಡಿದೆ.

"ಹಳೇ ಮಷೀನಿನ ಹಂಗ ಮಾಡ್ತೀನ್ರಿ. ಬೆರಳಿಗೆ ರೂಢಿ ಐತಲ್ಲ," ಎಂದೆ.

"ಹಂಗ ಮಾಡ್ರಿ, ಅಕ್ಕಗ ಅದ ಇಷ್ಟ," ಎಂದರು ಸಾವ್ಕಾರರು.

ಅಕ್ಕೋರು ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದರು. ಒಪ್ಪಿಗೆ ಎಂದುಕೊಂಡೆ. ಅವರನ್ನು ಕೇಳಬೇಕೆಂದು ನನಗೂ ಹೊಳೆಯಲಿಲ್ಲ.

ನಲವತ್ತಾರು ಕೀ. ತೆಳು ಪ್ಲೈವುಡ್ಡಿಗೆ ಹದಿನಾಲ್ಕು ಮಿಲಿಮೀಟರಿನ ಚೌಕ ತೂತುಗಳನ್ನು ಕೊರೆದು, ಒಂದೊಂದನ್ನೂ ಕಾನಸು ಎಂಬ ಅರದಿಂದ ಉಜ್ಜಿ, ಸ್ವಿಚ್ಚು ಕೂರಿಸಿದೆ. ಸ್ವಿಚ್ಚಿನೊಳಗಿನ ಸ್ಪ್ರಿಂಗು ತೆಗೆದು ಇದ್ದುದರಲ್ಲೇ ಮೆತ್ತಗಿನದು ಹಾಕಿದೆ. ಪ್ರತಿ ಕೀಗೂ ಒಂದೊಂದು ತಂತಿ ಎಳೆದರೆ ನಲವತ್ತಾರು ತಂತಿ ಬೇಕು. ಅದಕ್ಕೆ ಅಡ್ಡ ನಾಲ್ಕು ಸಾಲು, ಉದ್ದ ಹನ್ನೆರಡು ಸಾಲು ಮಾಡಿ, ಎರಡು ಸಾಲು ಕೂಡುವ ಕಡೆ ಒಂದು ಕೀ ಬರುವಂತೆ ಹೆಣೆಯುತ್ತಾರೆ. ಪಕ್ಕದ ಸಾಲಿಗೆ ಕರೆಂಟು ಹಿಂದಕ್ಕೆ ಹರಿಯದಂತೆ ಪ್ರತಿ ಕೀಗೂ ಒಂದು ಡಯೋಡು. ತಂತಿಗೆ ನಾನೇನು ಹುಡುಕಬೇಕಿರಲಿಲ್ಲ. ಫ್ಯಾನಿಗೆ ಸುತ್ತುವ ತಾಮ್ರದ ತಂತಿ ಅಂಗಡಿಯಲ್ಲೇ ಇತ್ತು. ಬೆಸುಗೆ ಬರುವ ಕಡೆಗಳಲ್ಲಿ ತಂತಿಯ ಮೇಲಿನ ಲೇಪವನ್ನು ಬ್ಲೇಡಿನಿಂದ ಹೆರೆದು ಟಾಕಾ ಹಾಕಿದೆ, ಅಂದರೆ ಬೆಸೆದೆ.

ಹಲಗೆಯ ಹಿಂದೆ ಹೆಬ್ಬೆರಳಗಲದ ಒಂದು ಚಿಕ್ಕ ಬೋರ್ಡು ಕೂರುತ್ತದೆ. ಅದರೊಳಗೆ ತುಂಬುವ ಪ್ರೋಗ್ರಾಮೇ ಫರ್ಮ್‌ವೇರು. ಯಾವ ಕೀ ಒತ್ತಿದರೆ ಕಂಪ್ಯೂಟರಿಗೆ ಯಾವ ಅಕ್ಷರ ಹೋಗಬೇಕೆಂಬ ಪಟ್ಟಿ ಕೀಮ್ಯಾಪು. ಜಗತ್ತಿನ ಯಾರಾರೋ ಬರೆದು ಪುಕ್ಕಟೆ ಹಂಚಿದ ಫರ್ಮ್‌ವೇರು ಸಿಗುತ್ತದೆ, ಪಟ್ಟಿ ನಮ್ಮದು. ಮೊದಲ ಸಲ ತುಂಬಿದಾಗ ಎಡಗಡೆಯ ಅಕ್ಷರಗಳೆಲ್ಲ ಬಲಗಡೆ ಬಂದವು. ಹಿಂದಿನಿಂದ ನೋಡಿಕೊಂಡು ತಂತಿ ಕಟ್ಟಿದ್ದೆ, ಮುಂದಿನಿಂದ ನೋಡಿಕೊಂಡು ಪಟ್ಟಿ ಬರೆದಿದ್ದೆ. ಪಟ್ಟಿಯನ್ನು ತಿರುಗಿಸಿ ಬರೆದೆ. ನಲವತ್ತಾರೂ ಸರಿಯಾಗಿ ಬಂದವು.

ಅಷ್ಟಕ್ಕೆ ಕೈ ತೊಳೆದುಕೊಂಡು ಎದ್ದಿದ್ದರೆ ಆಗುತ್ತಿತ್ತು. ಆದರೆ ನಮ್ಮ ಕೆಲಸದಲ್ಲಿ ಸುತ್ತಿದ ಮೇಲೆ ವಾರ್ನಿಷ್ ಕುಡಿಸದೆ ಯಾವ ಮೋಟಾರನ್ನೂ ಹೊರಗೆ ಕಳಿಸುವುದಿಲ್ಲ. ತಂತಿ ಅಲುಗಾಡಬಾರದು, ತೇವ ಹಿಡಿಯಬಾರದು. ಕೈಗೆ ಅಂಟಿದ ರೂಢಿ ಅದು. ಬ್ರಷ್ಷಿಗೆ ವಾರ್ನಿಷ್ ಅದ್ದಿ ಹಲಗೆಯ ಹಿಂಭಾಗಕ್ಕೆಲ್ಲ ಧಾರಾಳವಾಗಿ ಬಳಿದು ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆ. ಜೇನಿನ ಬಣ್ಣಕ್ಕೆ ಹೊಳೆಯುವ ಆ ಹೆಣಿಗೆಯನ್ನು ನೋಡಿ ನಾನೇ ಖುಷಿಪಟ್ಟೆ. ಮರುದಿನ ಒತ್ತಿ ನೋಡಿದರೆ ಅರ್ಧಕ್ಕರ್ಧ ಕೀಗಳು ಕೆಳಗಿಳಿದವು ಮೇಲೆ ಬರಲಿಲ್ಲ. ವಾರ್ನಿಷ್ ಸ್ವಿಚ್ಚಿನ ಲೋಹದ ಕಾಲುಗಳ ಸಂದಿಯಿಂದ ಒಳಕ್ಕೆ ಇಳಿದು ಗಟ್ಟಿಯಾಗಿತ್ತು. ಥಿನ್ನರಿನಲ್ಲಿ ತೊಳೆದರೆ ಪ್ಲಾಸ್ಟಿಕ್ಕೇ ಕರಗಿತು.

ಮೂವತ್ತು ವರ್ಷ ಕೆಲಸ ಮಾಡಿದವನು ಮಾಡುವ ತಪ್ಪಲ್ಲ, ಮೂವತ್ತು ವರ್ಷ ಕೆಲಸ ಮಾಡಿದವನೇ ಮಾಡುವ ತಪ್ಪು. ಹೊಸ ಸ್ವಿಚ್ಚು ತರಿಸಿದೆ. ಬರಲು ಹನ್ನೊಂದು ದಿನ ಹಿಡಿಯಿತು, ಬಿಚ್ಚಿ ಕಟ್ಟಲು ಇನ್ನೊಂದು ವಾರ. ಸಾವ್ಕಾರರು ಎರಡು ಸಲ ಅಂಗಡಿಗೆ ಬಂದು, ಏನೂ ಕೇಳದೆ, ಮೇಜಿನ ಮೇಲಿದ್ದ ಹಲಗೆಯನ್ನು ನೋಡಿ ಹೋದರು. ಬೈದಿದ್ದರೆ ಹಗುರವಾಗುತ್ತಿತ್ತು.

ಕೊನೆಗೆ ಹಲಗೆ ಒಯ್ದು ಅಕ್ಕೋರ ಮುಂದಿಟ್ಟು, ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿದೆ. ಬಲಗೈ ಎತ್ತಿ ನಡುಸಾಲಿನ ಮೇಲಿಟ್ಟೆ. ಕೈ ಅಲ್ಲೇ ಕುಳಿತಿತು. ಮೇಲಿನ ಸಾಲಿಗೆ ಏರಲಿಲ್ಲ, ಕೆಳಗಿನ ಸಾಲಿಗೆ ಇಳಿಯಲಿಲ್ಲ. ನಾನು ಗೆರೆ ಎಳೆದುಕೊಂಡು ಹೋದಾಗ ಅಲ್ಲಾಡುತ್ತಿದ್ದ ಕಿರುಬೆರಳು, ಉಂಗುರದ ಬೆರಳು ಈಗ ಮಡಚಿಕೊಂಡು ಬಿದ್ದಿದ್ದವು.

"ರೂಢಿ ಆಗ್ತೈತಿ ಬಿಡ್ರಿ," ಎಂದರು ಸಾವ್ಕಾರರು.

ಅಕ್ಕೋರು ಇಡೀ ಕೈಯನ್ನು ಮೊಣಕೈಯಿಂದ ಎಳೆದೆಳೆದು ಒಂದು ಕೀ ಒತ್ತಿದರು. ಬಹಳ ಹೊತ್ತಿನ ಮೇಲೆ ಇನ್ನೊಂದು. ಹಣೆಯ ಮೇಲೆ ಬೆವರು ಬಂದಿತ್ತು. ಬೆರಳು ನಡುಗಿ ಒಂದೊಂದು ಅಕ್ಷರವೂ ಮೂರು ನಾಲ್ಕು ಸಲ ಬಿದ್ದಿತ್ತು. ಪರದೆಯ ಮೇಲೆ "ತತತಡಡಡಡ" ಎಂದಿತ್ತು.

"ಏನಂತಾಳ?" ಎಂದು ಸಾವ್ಕಾರರು ನನ್ನನ್ನು ಕೇಳಿದರು.

ತಡ ಎನ್ನುತ್ತಿದ್ದಾರೆ ಎಂದು ನನಗೆ ಗೊತ್ತಾಗಿತ್ತು. ಗೊತ್ತಾಗಲಿಲ್ಲ ಎಂದೆ. ಅಂಗಡಿಗೆ ಬಂದು ಷಟರು ಅರ್ಧ ಎಳೆದು ಕುಳಿತೆ. ಆ ಹದಿನೆಂಟು ದಿನಗಳನ್ನು ನಾನು ಕಳೆದಿದ್ದೆ, ಅಷ್ಟರಲ್ಲಿ ಅವರ ಎರಡು ಬೆರಳು ಹೋಗಿದ್ದವು.

ನಾಚಿಕೆ ಇಳಿದ ಮೇಲೆ ಯೋಚನೆ ಹತ್ತಿತು. ಸುಟ್ಟ ಮೋಟಾರು ಸುಟ್ಟಲ್ಲಿಗೇ ನಿಂತಿರುತ್ತದೆ, ಎಣಿಸಿ ಮುಗಿಸುವ ತನಕ ಕಾಯುತ್ತದೆ. ಅಕ್ಕೋರ ಕೈ ದಿನದಿನಕ್ಕೆ ಬೇರೆಯಾಗುತ್ತಿತ್ತು. ಇದ್ದ ಕೈಗೆ ಅಳತೆ ತೆಗೆದರೆ ಹಲಗೆ ಮುಗಿಯುವಾಗ ಆ ಕೈ ಇರುವುದಿಲ್ಲ. ಎರಡು ತಿಂಗಳ ಮೇಲೆ ಉಳಿಯುವ ಕೈಗೆ ಈಗಲೇ ಕಟ್ಟಬೇಕು. ನಲವತ್ತಾರು ಕೀ ಬೇಡ, ಟೈಪ್‌ರೈಟರೂ ಬೇಡ ಎಂದು ಅಲ್ಲೇ ತೀರ್ಮಾನಿಸಿದೆ. ಅಬ್ಬಾ ಕಲಿಸಿದ್ದನ್ನು ಬಿಟ್ಟು ಮಾಡಿದ ಮೊದಲ ಕೆಲಸ ಅದು.

ಮರುದಿನ ಸಾವ್ಕಾರರು ತಮ್ಮ ಅಂಗಡಿಗೆ ಹೋದ ಹೊತ್ತಿನಲ್ಲಿ ಅಕ್ಕೋರ ಹತ್ತಿರ ಕುಳಿತೆ. ಅವರ ನಾದಿನಿ, ಅಂದರೆ ಸಾವ್ಕಾರರ ಹೆಂಡತಿ, ಬಾಗಿಲಲ್ಲಿ ನಿಂತಿದ್ದರು.

"ಅಕ್ಕೋರ, ತಪ್ಪಾತ್ರಿ," ಎಂದೆ. "ಮೊದಲ ದಿನಾನ ನಿಮ್ಮನ್ನ ಕೇಳಬೇಕಾಗಿತ್ತು. ಈಗ ಕೇಳ್ತೀನಿ. ಹೌದು ಅಂದ್ರ ಒಂದ್ಸಲ ಕಣ್ ಮುಚ್ರಿ, ಇಲ್ಲ ಅಂದ್ರ ಎರಡ್ಸಲ."

ಒಂದೊಂದು ಬೆರಳನ್ನೂ ಮುಟ್ಟಿ, ಇದು ಇನ್ನೂ ಉಳಿಯುತ್ತದೆಯೇ ಎಂದು ಕೇಳಿದೆ. ಒಬ್ಬರ ಎದುರು ಕುಳಿತು ಕೇಳುವಂಥ ಪ್ರಶ್ನೆಯಲ್ಲ. ಅವರು ಒಂದಕ್ಕೂ ತಡವರಿಸಲಿಲ್ಲ. ಬಲಗೈಯ ತೋರುಬೆರಳು, ನಡುಬೆರಳು, ಹೆಬ್ಬೆರಳು. ಎಡಗೈಯ ಹೆಬ್ಬೆರಳು, ತೋರುಬೆರಳು. ಐದು ಬೆರಳು, ಹೆಬ್ಬೆರಳಿಗೆ ಒಂದೊಂದು, ಉಳಿದವಕ್ಕೆ ಎರಡೆರಡು ಎಂದರೆ ಎಂಟು ಕೀ.

"ಎಂಟು ಕೀನ್ಯಾಗ ಕನ್ನಡ ಹೆಂಗ ಹಿಡಸ್ಲಿ ಅಕ್ಕೋರ?"

ಅವರು ಗೋಡೆಯ ಕಡೆ ನೋಡಿದರು. ಮತ್ತೆ ನನ್ನನ್ನು, ಮತ್ತೆ ಗೋಡೆಯನ್ನು. ಕ್ಯಾಲೆಂಡರೇ ಎಂದೆ, ಎರಡು ಸಲ ಕಣ್ಣು ಮುಚ್ಚಿದರು. ಗಡಿಯಾರವೇ ಎಂದೆ, ಎರಡು ಸಲ. ಅದರ ಕೆಳಗೆ ಮಾಸಿದ ವರ್ಣಮಾಲೆಯ ಪಟವಿತ್ತು. ಕ ಖ ಗ ಘ ಙ ಒಂದು ಸಾಲು, ಚ ಛ ಜ ಝ ಞ ಇನ್ನೊಂದು. ಎದ್ದು ಹತ್ತಿರ ಹೋಗಿ ನೋಡಿದೆ. ಅದು ಅಡ್ಡ ಸಾಲು, ಉದ್ದ ಸಾಲು. ನಾನು ತಂತಿಯಲ್ಲಿ ಹೆಣೆದದ್ದೇ ಗೋಡೆಯ ಮೇಲೆ ತೂಗುತ್ತಿತ್ತು. ಮೊದಲ ಒತ್ತಿಗೆ ಸಾಲು, ಎರಡನೆಯ ಒತ್ತಿಗೆ ಆ ಸಾಲಿನಲ್ಲಿ ಎಷ್ಟನೆಯದು ಎಂಬುದು. ಐದು ಸಾಲಿಗೆ ಐದು ಕೀ, ಯ ರ ಲ ವ ಇತ್ಯಾದಿಗೆ ಆರನೆಯದು, ಹ್ರಸ್ವ ಸ್ವರಕ್ಕೆ ಏಳನೆಯದು, ದೀರ್ಘಕ್ಕೆ ಎಂಟನೆಯದು. ಐದೈದು ಅಕ್ಷರದ ಸಾಲುಗಳಲ್ಲಿ ಮಿಕ್ಕ ಕೀಗಳಿಗೆ ಳ, ಪದಗಳ ನಡುವಿನ ಖಾಲಿ ಜಾಗ, ಅಳಿಸುವುದು, ಒತ್ತಕ್ಷರ, ಸೊನ್ನೆ, ಪೂರ್ಣವಿರಾಮ. ಎಂಟರಲ್ಲಿ ಇಡೀ ಕನ್ನಡ ಕೂತಿತು.

ಎರಡು ತುಂಡು ಹಲಗೆ ಮಾಡಿದೆ, ಕೈಗೊಂದು. ಪೈಪಿನ ಬಿರುಕಿಗೆ ಹಚ್ಚುವ, ಹಿಟ್ಟಿನಂಥ ಸೀಲನ್ನು ನಾದಿ ಹಲಗೆಯ ಮೇಲೆ ಹರಡಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅದರ ಮೇಲೆ ಅಕ್ಕೋರ ಅಂಗೈ ಒತ್ತಿಸಿ ಅಚ್ಚು ತೆಗೆದೆ. ಕೈ ಆ ಗುಂಡಿಯಲ್ಲಿ ಕುಳಿತರೆ ಬೆರಳಿನ ತುದಿಗೇ ಕೀ ಸಿಗಬೇಕು. ಎಂಟೇ ಕೀ ಆದ್ದರಿಂದ ಒಂದೊಂದಕ್ಕೂ ನೇರ ತಂತಿ, ಡಯೋಡಿನ ಗೊಡವೆಯಿಲ್ಲ. ವಾರ್ನಿಷ್ ಡಬ್ಬಿಯನ್ನು ಅಟ್ಟದ ಮೇಲೆ ಹಾಕಿದ್ದೆ.

ಉಳಿದದ್ದು ನಡುಕ. ಸ್ವಿಚ್ಚಿನ ಅದುರನ್ನು ತಡೆಯಲು ಫರ್ಮ್‌ವೇರಿನಲ್ಲಿ ಐದು ಮಿಲಿಸೆಕೆಂಡಿನ ತಡೆ ಇರುತ್ತದೆ. ಅದು ಲೋಹದ ಅದುರಿಗೆ ಸಾಕು, ಮನುಷ್ಯರ ನಡುಕಕ್ಕೆ ಸಾಲದು. ಪ್ರತಿ ಒತ್ತು ಎಷ್ಟು ಹೊತ್ತು ಇತ್ತೆಂದು ಪರದೆಯ ಮೇಲೆ ಬರೆಯುವಂತೆ ಪ್ರೋಗ್ರಾಮು ತಿದ್ದಿ, ಮೂರು ಮಧ್ಯಾಹ್ನ ಅಕ್ಕೋರ ಪಕ್ಕ ಕುಳಿತು ಬರೆದುಕೊಂಡೆ. ನಡುಕದ ಒತ್ತು ನೂರೈವತ್ತು ಮಿಲಿಸೆಕೆಂಡನ್ನು ದಾಟುತ್ತಿರಲಿಲ್ಲ. ಬೇಕೆಂದು ಒತ್ತಿದ್ದು ಐನೂರಕ್ಕಿಂತ ಕೆಳಗೆ ಬರುತ್ತಿರಲಿಲ್ಲ. ನಡುವೆ ನಾನೂರಕ್ಕೆ ಗೆರೆ ಹಾಕಿದೆ. ಹೆಚ್ಚುಕಡಿಮೆ ಅರ್ಧ ಸೆಕೆಂಡು ಒತ್ತಿ ಹಿಡಿದರಷ್ಟೇ ಅದು ಒತ್ತು, ಇಲ್ಲದಿದ್ದರೆ ಲೆಕ್ಕಕ್ಕಿಲ್ಲ. ಬೆರಳು ಎತ್ತಿದ ಮೇಲೆ ಮುಂದಿನ ಒತ್ತಿಗೆ ಇನ್ನಷ್ಟು ಬಿಡುವು. ಐದಾರು ಸಲ ತುಂಬಿ, ತಿದ್ದಿ, ಮತ್ತೆ ತುಂಬಿದೆ.

ಕೆಲಸ ಮುಗಿದ ಗುರುವಾರ ಸಾವ್ಕಾರರು ಊಟಕ್ಕೆ ಬಂದವರು ಎಂದಿನಂತೆ ಫ್ಯಾನು ಹಾಕಿದರು. ಅಕ್ಕೋರ ಬೆರಳು ನಿಧಾನವಾಗಿ ಕೆಲಸ ಮಾಡಿತು. ಪರದೆಯ ಮೇಲೆ ಬಂತು: "ಫ್ಯಾನು ಬೇಡ. ನನಗೆ ಚಳಿ."

ಸಾವ್ಕಾರರು ಓದಿ ನಕ್ಕರು. ಆಮೇಲೆ ನಗು ನಿಂತಿತು. "ಇಷ್ಟ್ ದಿನಾ?" ಎಂದು ಕೇಳಿದರು. ಅಕ್ಕೋರು ಒಮ್ಮೆ ಕಣ್ಣು ಮುಚ್ಚಿದರು. ಸಾವ್ಕಾರರು ಹೋಗಿ ಫ್ಯಾನು ಆರಿಸಿ, ಸ್ವಿಚ್ಚಿನ ಹತ್ತಿರವೇ ಗೋಡೆಗೆ ಮುಖ ಮಾಡಿ ನಿಂತರು.

ಒಂದು ತಿಂಗಳು ಅಕ್ಕೋರು ಮಾತಾಡಿದರು. ಆಡುಮಾತನ್ನು ಅವರು ಎಂದೂ ಟೈಪ್ ಮಾಡಿದವರಲ್ಲ, ಪುಸ್ತಕದ ಕನ್ನಡದಲ್ಲೇ, ಪೂರ್ಣವಿರಾಮ ಸಮೇತ ಬರೆಯುತ್ತಿದ್ದರು. ಸಾರಿಗೆ ಉಪ್ಪು ಕಡಿಮೆ. ಕಿಟಕಿ ತೆರೆಯಿರಿ. ನನಗೆ ಬರೆದದ್ದು: "ನೀನು ಜೂನಿಯರ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದವನು. ಈಗ ಪಾಸು." ಅದನ್ನು ಮೊಬೈಲಿನಲ್ಲಿ ಫೋಟೋ ಹಿಡಿದಿಟ್ಟುಕೊಂಡಿದ್ದೇನೆ.

ಆಮೇಲೆ ಉಸಿರು ಕಟ್ಟತೊಡಗಿತು. ದಾವಣಗೆರೆಗೆ ಹೋಗಿ ಬಂದರು. ಗಂಟಲಿಗೆ ತೂತು ಮಾಡಿ ಉಸಿರಾಟದ ಮಷೀನು ಜೋಡಿಸಬೇಕು, ಜೋಡಿಸಿದರೆ ವರ್ಷಗಟ್ಟಲೆ ಇರಬಹುದು, ಅಲ್ಲಾಡದೆ ಮಲಗಿ. ವಾರದೊಳಗೆ ಹೇಳಿ ಎಂದರಂತೆ ಡಾಕ್ಟರು. ಮೂರನೆಯ ದಿನ ನಡುಮಧ್ಯಾಹ್ನ ಸಾವ್ಕಾರರು ನನ್ನ ಅಂಗಡಿಗೆ ಬಂದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಅಕ್ಕ ಟೈಪ್ ಮಾಡ್ಯಾಳ. 'ತೂತು ಬೇಡ. ಮನೆಯಲ್ಲೇ ಇರುತ್ತೇನೆ' ಅಂತ." ರಸ್ತೆಯ ಕಡೆ ನೋಡಿ ದನಿ ತಗ್ಗಿಸಿದರು. "ಭಾಯ್, ಆ ಬೋರ್ಡು ತಪ್ಪಾಗಿ ಬರಿಬಹುದಲ್ಲ? ಮೊದಲನೇದು ಬರೀತಿತ್ತು. ಆಕಿ ಬೆರಳು ನಡುಗ್ತಾವ."

"ನೋಡ್ತೀನ್ರಿ."

"ನೋಡೋದು ಬ್ಯಾಡ. ಬೋರ್ಡಿನ್ಯಾಗ ತಪ್ಪೈತಿ ಅಂತ ಡಾಕ್ಟ್ರ ಮುಂದ ನೀವು ಒಂದ್ ಮಾತು ಹೇಳ್ರಿ. ಮಾಡಿದವ್ರು ನೀವ. ಅಷ್ಟ ಸಾಕು, ನಾನು ಆಕಿನ್ನ ಕರ್ಕೊಂಡು ಹೋಗ್ತೀನಿ. ನನಗ ಅವ್ವ ಅಂದ್ರ ಆಕೀನ ಭಾಯ್."

ಒಂದು ಸುಳ್ಳಿಗೆ ಒಂದು ಜೀವ ಉಳಿಯುತ್ತದೆ ಎಂದರೆ ಯಾರು ತಾನೇ ಯೋಚಿಸುವುದಿಲ್ಲ. ಲ್ಯಾಪ್‌ಟಾಪು, ಮೀಟರು ತೆಗೆದುಕೊಂಡು ಅವರ ಹಿಂದೆ ಹೊರಟೆ.

ಅಕ್ಕೋರ ಎದುರಿಗೇ ಹಲಗೆಗಳನ್ನು ಬಿಚ್ಚಿದೆ. ಒಂದೊಂದು ಬೆಸುಗೆಗೂ ಮೀಟರು ಹಿಡಿದು ತಂತಿ ಅಲುಗಾಡಿಸಿ ನೋಡಿದೆ. ಎಂಟು ಕೀಗಳನ್ನೂ ಐವತ್ತು ಐವತ್ತು ಸಲ ಒತ್ತಿದೆ. ಬೆರಳು ಬೇಕೆಂದೇ ನಡುಗಿಸಿ ಒತ್ತಿದೆ. ನನ್ನ ಕೆಲಸದಲ್ಲಿ ತಪ್ಪು ಸಿಗಲಿ ಎಂದು ನಾನು ಬೇಡಿಕೊಂಡದ್ದು ಜೀವಮಾನದಲ್ಲಿ ಅದೊಂದೇ ಸಲ. ಯಾ ಅಲ್ಲಾ, ಒಂದು ಟಾಕಾದರೂ ಬಿಟ್ಟಿರಲಿ ಎಂದುಕೊಂಡೆ. ಒಂದೂ ಬಿಟ್ಟಿರಲಿಲ್ಲ. ನಡುಕದ ಒತ್ತು ಒಂದೂ ಅಕ್ಷರವಾಗಲಿಲ್ಲ.

"ಸಾವ್ಕಾರ್ರ," ಎಂದೆ, "ಇದರಾಗ ಅಕ್ಷರ ತಾನಾಗಿ ಬೀಳಂಗಿಲ್ರಿ. ಒಂದೊಂದು ಸಲಾನೂ ಅಕ್ಕೋರು ಒತ್ತಿ ಹಿಡೀಬೇಕು. ಹಿಡದಾರ."

ಸಾವ್ಕಾರರು ನನ್ನ ಮುಖ ನೋಡಲಿಲ್ಲ. ಹಲಗೆಗಳನ್ನು ಮತ್ತೆ ಜೋಡಿಸಿ ಅಕ್ಕೋರ ಕೈಗಳನ್ನು ಅಚ್ಚಿನಲ್ಲಿ ಇಟ್ಟೆ. ಅವರು ಆಗಲೇ ಒತ್ತಲು ಶುರು ಮಾಡಿದ್ದರು. ಉಸಿರಿಗಾಗಿ ನಡುನಡುವೆ ನಿಲ್ಲುತ್ತಿದ್ದರು. ಬಾಗಿಲಲ್ಲಿದ್ದ ನಾದಿನಿ ಒಳಗೆ ಬಂದು ಅವರ ಹೆಗಲು ಹಿಡಿದುಕೊಂಡರು. ಬಹಳ ಹೊತ್ತಾಯಿತು.

"ಅವನನ್ನು ಕೇಳಬೇಡ. ನನ್ನನ್ನು ಕೇಳು."

ಸಾವ್ಕಾರರು ಮಂಚದ ಪಕ್ಕ ನೆಲದ ಮೇಲೆ ಕುಳಿತರು. ಮಾತು ಹೋದಾಗಿನಿಂದ ಅಕ್ಕನ ಪರವಾಗಿ ಎಲ್ಲದಕ್ಕೂ ತಾವೇ ಉತ್ತರ ಕೊಟ್ಟವರಿಗೆ ಪ್ರಶ್ನೆ ಬಾಯಿಗೆ ಬರಲು ಹೊತ್ತು ಹಿಡಿಯಿತು.

"ಅಕ್ಕ, ದಾವಣಗೆರಿಗೆ ಹೋಗೂಣೇನು?"

ಅವರು ಪರದೆ ನೋಡಲಿಲ್ಲ, ಅಕ್ಕನ ಬೆರಳುಗಳನ್ನೇ ನೋಡುತ್ತಿದ್ದರು. ಐದನೆಯ ಕೀ, ಮೂರನೆಯದು. ಎಂಟನೆಯದು, ನಾಲ್ಕನೆಯದು. ಮೂರನೆಯದು, ಮತ್ತೆ ಮೂರನೆಯದು. ಪ್ರತಿ ಒತ್ತಿನಲ್ಲೂ ಕೀ ಕೆಳಗಿಳಿದು, ಅಲ್ಲೇ ನಿಂತು, ಮೇಲೆ ಬಂತು. ಬೇಡ ಎನ್ನಲು ಆರು ಒತ್ತು ಬೇಕು. ಆರನ್ನೂ ಅವರು ಕಣ್ಣಾರೆ ಕಂಡರು.

ಅಕ್ಕೋರು ಅದಾದ ಹತ್ತೊಂಬತ್ತನೆಯ ದಿನ ಮನೆಯಲ್ಲೇ ತೀರಿಕೊಂಡರು. ಮಣ್ಣಿಗೆ ನಾನೂ ಹೋದೆ. ಅವರಲ್ಲೂ ನಮ್ಮಲ್ಲೂ ಹೂಳುವುದೇ ಪದ್ಧತಿ, ಆದರೂ ನಾನು ದೂರದಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದೆ. ಸಾವ್ಕಾರರು ಜನರ ನಡುವಿನಿಂದ ಎದ್ದು ನನ್ನ ಹತ್ತಿರ ಬಂದರು.

"ನೀವು ಅದನ್ನ ಮಾಡಿಕೊಡದಿದ್ರ ಅಕ್ಕ ಇನ್ನೂ ಇರ್ತಿದ್ಲು," ಎಂದರು.

"ಇರ್ತಿದ್ರು," ಎಂದೆ.

ಅವರು ತಲೆ ಅಲ್ಲಾಡಿಸಿದರು. ಆಮೇಲೆ ನನ್ನ ಕೈ ಹಿಡಿದು ಗುಂಡಿಯ ಅಂಚಿಗೆ ಕರೆದೊಯ್ದು, ಬಗ್ಗಿ, ಒಂದು ಹಿಡಿ ಮಣ್ಣು ತೆಗೆದು ನನ್ನ ಅಂಗೈಗೆ ಹಾಕಿದರು.